ಎತ್ತು ಬಿಟ್ಟ ದಂಟು

ಕಾಗೆ ಇನ್ನೂ ಬೆಳ್ಳಗಿದ್ದ, ಕಲ್ಲು ಇನ್ನೂ ಮೆತ್ತಗಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಊರಿಗೆಲ್ಲ ಒಂದೇ ಹೊಲ, ಹೊಲಕ್ಕೆಲ್ಲ ಒಂದೇ ಜೋಳದ ಗಿಡ. ಆ ಗಿಡ ಮುಗಿಲಿಗೆ ತೆನೆ ತಾಗಿಸಿ ನಿಂತಿತ್ತಂತೆ. ಸುಗ್ಗಿಯ ದಿನ ಶಿವ ಇಳಿದು ಬಂದು ಕಣದಲ್ಲಿ ಕೂತು ಪಾಲು ಹಂಚಿದ. “ಬಿತ್ತಿದವ ನೀನು, ತೆನೆ ತಗೋ” ಎಂದು ಮನುಷ್ಯನಿಗೆ ಕೊಟ್ಟ. “ಉತ್ತವ ನೀನು, ಎಲೆ ತಗೋ” ಎಂದು ಎತ್ತಿಗೆ ಕೊಟ್ಟ. “ಹೊತ್ತವಳು ನೀನು, ಬೇರು ಇಟ್ಟುಕೋ” ಎಂದು ಭೂಮಿಗೆ ಬಿಟ್ಟ. ಎಲ್ಲರೂ ತಂತಮ್ಮ ಪಾಲು ಹೊತ್ತು ಹೋದ ಮೇಲೆ ಆಕಳು ಏದುಸಿರು ಬಿಡುತ್ತ ಓಡಿ ಬಂತಂತೆ. ಕರುವನ್ನು ನೆಕ್ಕುತ್ತ ನಿಂತು ಹೊತ್ತು ಹೋದದ್ದೇ ಅದಕ್ಕೆ ತಿಳಿದಿರಲಿಲ್ಲ. ಕಣದಲ್ಲಿ ಬರೀ ದಂಟು ಬಿದ್ದಿತ್ತು. “ಶಿವನೇ, ನನ್ನ ಪಾಲು?” ಎಂದು ಆಕಳು ಕೇಳಿತಂತೆ.

ಉದ್ದವ್ವಜ್ಜಿ ಪ್ರತಿ ಸಲವೂ ಅಲ್ಲಿಗೇ ಕಥೆ ನಿಲ್ಲಿಸಿ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದಳು.

“ಶಿವಾ ಏನಂದ ಬೇ ಅಜ್ಜಿ?” ಎಂದು ಮೊಮ್ಮಗಳು ಸಾತವ್ವ ಅವಳ ಸೆರಗು ಜಗ್ಗುತ್ತಿದ್ದಳು.

“ಅದನ್ನ ಈಗ ಹೇಳೂದಲ್ಲ. ನಿನ್ನ ಲಗ್ನದಾಗ ಬಳುವಳಿ ಅಂತ ಒಂದು ಆಕಳಾ ಕೊಟ್ಟು ಕಳಸ್ತೀವಿ. ಅದು ಈದ ಮ್ಯಾಲ ಚೊಚ್ಚಲ ಹಾಲಿನ ಗಿಣ್ಣ ಕಾಸಿ, ನಿನ್ನ ಕೈಯಾರೆ ತಂದು ನನ್ನ ಬಾಯಾಗ ಇಡು. ಆವಾಗ ಹೇಳ್ತೇನಿ.”

“ಆಣಿ ಮಾಡು.”

“ನೀ ಮಾಡು ಆಣಿ. ತರಾಕಿ ನೀನು.”

ಸಾತವ್ವ ಅಜ್ಜಿಯ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

ಮೂಡಲಗಿ ಕಡೆಯ ಕರಿ ಎರೆಮಣ್ಣಿನ ಊರಿನಿಂದ ಸಾತವ್ವ ಹುಕ್ಕೇರಿ ಸೀಮೆಗೆ ಸೊಸೆಯಾಗಿ ಬಂದದ್ದು ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ವರ್ಷ. ಅವಳ ಬಂಡಿಯ ಹಿಂದೆ ಕಟ್ಟಿಸಿಕೊಂಡು ಬಂದದ್ದು ಚಿಗರಿ ಎಂಬ, ಇನ್ನೂ ಈಯದ ಮಣಕ. ತೆಳುವಾದ ಕಾಲು, ಬೆದರಿದ ಕಣ್ಣು. ಹೆಸರಿಗೆ ತಕ್ಕ ಹಾಗೆ ಜಿಂಕೆಯಂಥದೇ. ಬೆಲ್ಲದ ಬಾಗೇವಾಡಿಯ ಹೊರಗೆ, ಹೊಲಕ್ಕೆ ಹೊಂದಿದ ಆ ಮನೆಯ ಅಂಗಳದಲ್ಲಿ ಇಳಿದಾಗ ಸಾತವ್ವನಿಗೆ ಪರಿಚಯದ ಮುಖವೆಂದು ಇದ್ದದ್ದು ಆ ಮಣಕದ್ದೊಂದೇ.

ಗಂಡ ಮಾಯಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಯೇ ಜೊತೆಯವರೊಂದಿಗೆ ಖೋಲಿ ಮಾಡಿಕೊಂಡಿದ್ದು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಒಳ್ಳೆಯವನೇ. ಆದರೆ ಯಂತ್ರಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಗುಟ್ಟಿನಲ್ಲಿ ಎಂಬಂತೆ ಅವನು “ಸಾತವ್ವಾ, ಯಾಕ ಹಿಂಗ ಸೊರಗಿ?” ಎಂದರೆ, ಗೋಡೆಯಾಚೆಯಿಂದ ನೆರೆಮನೆಯ ಅಲ್ಲವ್ವ, “ನಾವೂ ಅದನ್ನs ಅನ್ನಾಕತ್ತೇವಿ ನೋಡಪಾ ಮಾಯಪ್ಪಾ!” ಎನ್ನುತ್ತಿದ್ದಳು. ಸಾತವ್ವ ನಾಚಿ ಒಲೆಯ ಬೂದಿ ಕೆದರುತ್ತಿದ್ದಳು. ಹೇಳಬೇಕೆಂದು ಕೂಡಿಟ್ಟ ಮಾತೆಲ್ಲ ಹಾಗೇ ಉಳಿದು, ಅವನು ಮತ್ತೆ ಹೊರಟುಬಿಡುತ್ತಿದ್ದ.

ಉಳಿದವರು ಅತ್ತೆ ಕಾಶೆವ್ವ, ಮಾವ ಕೆಂಚಪ್ಪ. ಅತ್ತೆ ಬೈಯುವವಳಲ್ಲ, ಆಡುವವಳೂ ಅಲ್ಲ. ಬಾವಿಯಂಥ ಹೆಂಗಸು; ಕಲ್ಲೊಗೆದರೆ ಬಹಳ ಹೊತ್ತಿನ ಮೇಲೆ ಎಲ್ಲೋ ಒಂದು ಸಪ್ಪಳ. ಮಾವನೊಂದಿಗಂತೂ ಸೊಸೆ ನೇರವಾಗಿ ಮಾತಾಡುವ ರೂಢಿಯೇ ಆ ಮನೆಯಲ್ಲಿರಲಿಲ್ಲ. ಹೇಳಲೇಬೇಕಾದದ್ದಿದ್ದರೆ ಸೆರಗು ಮುಂದಕ್ಕೆಳೆದುಕೊಂಡು ಕಂಬಕ್ಕೋ ಹೊಸ್ತಿಲಿಗೋ ಹೇಳುವುದು, ಮಾವ ಕೇಳಿಸಿಕೊಳ್ಳುವುದು. “ಕಂಬಾ, ಊಟಕ್ಕ ಆಗೈತಿ” ಎಂಬುದಕ್ಕಿಂತ ಉದ್ದದ ಮಾತನ್ನು ಸಾತವ್ವ ಆ ಕಂಬಕ್ಕೆ ಎಂದೂ ಹೇಳಿದವಳಲ್ಲ.

ಆ ಮನೆಯಲ್ಲಿ ಎಲ್ಲಕ್ಕೂ ಒಂದು ಸರದಿ. ಗಂಡಸರು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ಸೊಸೆ. ಎತ್ತು ತಿಂದ ಮೇಲೆ ಆಕಳು. ಜೋಳ ಕಿತ್ತು ತೆನೆ ಮುರಿದುಕೊಂಡ ಮೇಲೆ ಉಳಿಯುವ ಕಣಿಕಿಯ ಸಿವುಡಿನ ಕಟ್ಟು ಬಿಚ್ಚಿ ಮೊದಲು ಎತ್ತುಗಳ ಗೋದಲಿಗೆ ಹಾಕುವುದು. ಅವು ಮೂತಿಯಿಂದ ಕೆದರಿ ಎಲೆಯನ್ನೂ ಎಳೆಯ ತುದಿಯನ್ನೂ ಆರಿಸಿ ತಿಂದು, ಹೆಬ್ಬೆರಳಿನಷ್ಟು ದಪ್ಪನೆಯ ಬುಡದ ದಂಟನ್ನು ಬಿಡುತ್ತಿದ್ದವು. ಬೆಳಗ್ಗೆ ಎದ್ದು ಆ ದಂಟನ್ನು ಬುಟ್ಟಿಗೆ ಬಳಿದುಕೊಂಡು ಚಿಗರಿಯ ಮುಂದೆ ಸುರಿಯುವುದು ಸೊಸೆಯ ಕೆಲಸ. ಬುಟ್ಟಿ ತುಂಬಿ ಸೂಸುತ್ತಿತ್ತು. ಯಾರೂ ಆಕಳಿಗೆ ಕಡಿಮೆ ಹಾಕಿದರು ಎನ್ನುವಂತಿರಲಿಲ್ಲ.

ಆದರೂ ಚಿಗರಿ ಸೊರಗಿತು. ಮೊದಲು ಬೆನ್ನಿನ ಹೊಳಪು ಹೋಯಿತು. ಆಮೇಲೆ ಪಕ್ಕೆಲುಬು ಎದ್ದವು. ಸಗಣಿ ಒಣಗಿ, ನಾರು ನಾರಾಗಿ, ಕುಳ್ಳು ತಟ್ಟಲೂ ಬಾರದಂತಾಯಿತು. ಹೊಟ್ಟೆ ಮಾತ್ರ ಡೊಳ್ಳಿನಂತೆ ಉಬ್ಬಿಕೊಂಡೇ ಇತ್ತು.

“ತವರಿನ ಚಿಂತಿ ಅದಕ” ಎಂದಳು ಅಲ್ಲವ್ವ, ಗೋಡೆ ಮೇಲೆ ಗದ್ದ ಊರಿ. “ಬಳುವಳಿ ಆಕಳಾ ಹಂಗs. ಹುಟ್ಟಿದ ಹಟ್ಟಿ ನೆನಸಿ ನೆನಸಿ ಕರಗ್ತಾವು. ಈ ಮನ್ಯಾಗ ಯಾ ಬಳುವಳಿ ಆಕಳಾ ಉದ್ಧಾರ ಆಗೇತಿ ಹೇಳು?”

ಸಾತವ್ವ ನಂಬಿದಳು. ನಂಬಿದ್ದಷ್ಟೇ ಅಲ್ಲ, ಒಳಗೊಳಗೆ ಆ ಮಾತು ಅವಳಿಗೆ ತಂಪೆನಿಸಿತು. ತನ್ನ ಹಾಗೆಯೇ ಇನ್ನೊಂದು ಜೀವ ತವರಿರುವ ಮೂಡಣ ದಿಕ್ಕಿಗೆ ಮುಖ ಮಾಡಿ ಕೊರಗುತ್ತಿದೆ ಎಂದ ಮೇಲೆ ಕೊರಗಿಗೂ ಒಂದು ಜೊತೆ ಸಿಕ್ಕಂತಲ್ಲವೇ? ಮಧ್ಯಾಹ್ನ ಮನೆ ಮಲಗಿದಾಗ ಅವಳು ಹಟ್ಟಿಗೆ ಹೋಗಿ, ಚಿಗರಿಯ ಕೊರಳಿನ ಜೋಲು ತೊಗಲನ್ನು ಕೆರೆಯುತ್ತ ಅಜ್ಜಿಯ ಕಥೆಗಳನ್ನೆಲ್ಲ ಹೇಳುತ್ತಿದ್ದಳು. “ನಮ್ಮ ಹಿತ್ತಲದಾಗಿನ ಬೇವಿನ ಗಿಡಾ ನೆನಪೈತೇನ? ಅದರ ಬುಡಕ್ಕ ನೀ ಮೈ ತಿಕ್ಕತಿದ್ದಿ” ಎಂದರೆ ಚಿಗರಿ ಕಣ್ಣು ಮುಚ್ಚಿ ದಂಟು ಕಡಿಯುತ್ತಿತ್ತು. ಅದರ ಕಣ್ಣಂಚಿನ ನೀರ ಗೆರೆ ನೋಡಿ ಸಾತವ್ವನೂ ಅಳುತ್ತಿದ್ದಳು. ಅತ್ತಾದ ಮೇಲೆ ಹಗುರಾಗುತ್ತಿತ್ತು.

ಆ ಹಗುರ ಬಹಳ ಕಾಲ ಉಳಿಯಲಿಲ್ಲ. ಎರಡು ಸುಗ್ಗಿ ಕಳೆದರೂ ಚಿಗರಿ ಬೆದೆಗೆ ಬರಲಿಲ್ಲ. ಕಣ ಮುಗಿದು ಹೊಸ ಬಣವೆ ಒಟ್ಟಿದ ಸಂಜೆ ಕೆಂಚಪ್ಪ ಕೈಕಾಲು ತೊಳೆಯುತ್ತ, ಹೆಂಡತಿಗೆ ಹೇಳುವಂತೆ, ಸೊಸೆಗೂ ಕೇಳುವಂತೆ ಹೇಳಿದ:

“ಈ ವಾರ ಹುಕ್ಕೇರಿ ಸಂತಿಗೆ ಹೊಡಕೊಂಡ ಹೊಕ್ಕೇನಿ. ಗೊಡ್ಡ ದನಾ ಕಟ್ಟಿ ಸಾಕಾಕ ಇದೇನ ಮಠ ಅಲ್ಲ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಾತವ್ವನ ಕೈ ನಿಂತಿತು. ಚಿಗರಿ ಹೋದರೆ ಗಿಣ್ಣವಿಲ್ಲ. ಗಿಣ್ಣವಿಲ್ಲದಿದ್ದರೆ ಅಜ್ಜಿಗೆ ಮಾಡಿದ ಆಣೆ ಉಳಿಯುವುದಿಲ್ಲ. ಅಜ್ಜಿಗಾದರೂ ಎಷ್ಟು ದಿನ? ಹೋದ ಸಲ ತವರಿನಿಂದ ಬಂದ ಅಣ್ಣ, “ಅಜ್ಜಿ ಹಲ್ಲೆಲ್ಲಾ ಬಿದ್ದಾವು, ಗಿಣ್ಣಕ್ಕೇನ ಹಲ್ಲ ಬೇಕಾಗಂಗಿಲ್ಲ ಅಂತ ನಿನಗ ಹೇಳಂದಾಳ” ಎಂದು ನಗಾಡಿ ಹೋಗಿದ್ದ.

ಬೆಳಗಾಗುವ ಹೊತ್ತಿಗೆ ಅವಳು ಒಂದು ನಿಶ್ಚಯಕ್ಕೆ ಬಂದಿದ್ದಳು. ಅಜ್ಜಿಯ ಕಥೆಗಳಲ್ಲಿ ಹಗ್ಗ ಬಿಚ್ಚಿದ ಆಕಳು ಏಳು ಹೊಳೆ ದಾಟಿಯಾದರೂ ತನ್ನ ಹಟ್ಟಿಗೇ ಹೋಗಿ ಮುಟ್ಟುತ್ತದೆ. ಸಂತೆಯಲ್ಲಿ ಯಾರದೋ ಪಾಲಾಗುವುದಕ್ಕಿಂತ ಚಿಗರಿ ತವರಿಗೆ ಹೋಗಲಿ. ಇಬ್ಬರಲ್ಲಿ ಒಬ್ಬರಾದರೂ ಹೋಗಲಿ. ಬೇವಿನ ಗಿಡಕ್ಕೆ ಮೈ ತಿಕ್ಕಿದರೆ ಜೀವ ಚಿಗುರೀತು. ಅಲ್ಲಿಯೇ ಈದರೂ ಈದೀತು.

ಅತ್ತೆ ನೀರಿಗೆ ಹೋದದ್ದೇ ಅವಳು ಹಟ್ಟಿಗೆ ಹೋಗಿ ಹಗ್ಗ ಬಿಚ್ಚಿದಳು. ಹಿತ್ತಲ ಬೇಲಿಯ ಮುಳ್ಳು ಸರಿಸಿದಳು. ಗೋಕಾಕದ ಕಡೆ ಹೋಗುವ ಬಂಡಿದಾರಿಗೆ ಚಿಗರಿಯ ಮುಖ ತಿರುಗಿಸಿ, ಹಣೆಗೆ ಹಣೆ ಹಚ್ಚಿ, “ಹೋಗವಾ. ನಾ ಕೇಳಿದೆ ಅಂತ ಹೇಳು” ಎಂದಳು. ಮೂಡಣ ಕೆಂಪೇರುತ್ತಿತ್ತು. ಕಥೆಯೊಳಗಿನ ಮುಂಜಾವಿನಂತೆಯೇ ಇತ್ತು.

ಚಿಗರಿ ದಾರಿಯನ್ನು ನೋಡಿತು. ಗಾಳಿ ಮೂಸಿತು. ಆಮೇಲೆ ಸಾವಕಾಶ ತಿರುಗಿ, ಸಾತವ್ವನ ಪಕ್ಕದಿಂದಲೇ ಹಾದು, ನೆಟ್ಟಗೆ ಬಣವೆಯ ಕಡೆ ನಡೆಯಿತು.

ಬಣವೆ ಒಟ್ಟುವವರು ಸಿವುಡುಗಳ ಬುಡ ಹೊರಗೆ, ಎಲೆ ಒಳಗೆ ಮಾಡಿ ಒಟ್ಟುತ್ತಾರೆ. ಬಿಸಿಲು ಮಳೆಗೆ ಎಲೆ ಕೆಡಬಾರದೆಂದು. ಹೊರಗಿನಿಂದ ನೋಡಿದರೆ ಬರೀ ದಂಟಿನ ಗೋಡೆ. ಚಿಗರಿ ಆ ಗೋಡೆಗೆ ಕೊಂಬು ಕೊಟ್ಟು, ಕಿವಿಯವರೆಗೆ ತಲೆ ತೂರಿಸಿ, ಒಳಗಿನಿಂದ ಒಂದು ಬಾಯಿ ಎಲೆ ಎಳೆದು ತೆಗೆಯಿತು. ಬಿಸಿಲು ಕಾಣದ ಆ ಎಲೆ ಇನ್ನೂ ತಿಳಿಹಸಿರಾಗಿಯೇ ಇತ್ತು. ಹೊರಬಂದದ್ದೇ ಸಿಹಿ ವಾಸನೆ ಹರಡಿತು. ಬುಡದ ದಂಟು ಕಾಲ ಕೆಳಗೆ ಬಿದ್ದವು. ಚಿಗರಿ ಅವನ್ನು ಮೂಸಿಯೂ ನೋಡಲಿಲ್ಲ. ಎಲೆ, ಮತ್ತೆ ಎಲೆ. ಕಣ್ಣು ಮುಚ್ಚದೆ, ಉಸಿರು ಬಿಡದೆ ತಿನ್ನುತ್ತಿತ್ತು.

ಸಾತವ್ವ ನಿಂತು ನೋಡಿದಳು. ಹಾಗಾದರೆ ಅದು ಅತ್ತಿರಲೇ ಇಲ್ಲ. ಮಧ್ಯಾಹ್ನಗಳಲ್ಲಿ ಕಣ್ಣು ಮುಚ್ಚಿ ಕೇಳಿಸಿಕೊಂಡದ್ದು ಬೇವಿನ ಗಿಡದ ಕಥೆಯನ್ನಲ್ಲ. ಕಟ್ಟಿಗೆಯಂಥ ದಂಟನ್ನು ಅಗಿಯುವ ಕಷ್ಟಕ್ಕೆ ಕಣ್ಣು ಮುಚ್ಚುತ್ತಿತ್ತು, ಅಷ್ಟೇ. ಅದಕ್ಕೆ ಹಸಿವಾಗಿತ್ತು. ದಿನ ಬೆಳಗಾದರೆ ಆ ಹಸಿವನ್ನು ಬುಟ್ಟಿ ತುಂಬಿ ಅದರ ಮುಂದೆ ಸುರಿದವಳು ತಾನೇ. ತವರನ್ನು ನೆನೆದು ಕೊರಗಿದ್ದು ಈ ಮನೆಯಲ್ಲಿ ಒಬ್ಬಳೇ ಒಬ್ಬಳು. ಆ ಮುಂಜಾವಿನಲ್ಲಿ ಅವಳಿಗೆ ಅನಿಸಿದಷ್ಟು ಒಂಟಿತನ ಬಂಡಿ ಇಳಿದ ದಿನವೂ ಅನಿಸಿರಲಿಲ್ಲ.

“ಯಾರ ಬಿಟ್ರು ಇದನ್ನ!” ಕೆಂಚಪ್ಪ ಎತ್ತುಗಳ ಹಗ್ಗ ಹಿಡಿದವನು ಹಾಗೇ ಓಡಿ ಬಂದ. ಹಿಂದೆ ಕಂದ್ಯಾ ಎಂಬ ಹಿರಿಯ ಎತ್ತೂ ಬಂತು.

ಅಲ್ಲಿ ಕಂಬವಿರಲಿಲ್ಲ, ಹೊಸ್ತಿಲಿರಲಿಲ್ಲ. ಸಾತವ್ವ ಸೆರಗು ಎಳೆದುಕೊಂಡು ಆಕಳಿಗೇ ಹೇಳಿದಳು: “ಚಿಗರಿ, ನಾನs ಬಿಟ್ಟೆ ಅಂತ ಹೇಳು.”

ಕೆಂಚಪ್ಪ ಕಕ್ಕಾಬಿಕ್ಕಿಯಾದ. ಆದರೂ ರೂಢಿ ರೂಢಿಯೇ. ಎತ್ತಿನ ಕಡೆ ತಿರುಗಿದ. “ಏನೋ ಕಂದ್ಯಾ, ಬಣವಿಗೆ ದನಾ ಬಿಡೂದು ಯಾವ ಊರಿನ ಪದ್ಧತೋ?”

“ಚಿಗರಿ, ತವರಿಗೆ ಹೊಕ್ಕೀಯೇನೋ ಅಂತ ಬಿಟ್ಟಿದ್ನಿ. ನೀ ಹೋಗಲಿಲ್ಲ. ನಿನಗ ಚಿಂತಿ ಅಲ್ಲ, ಹಸಿವು.”

“ದಿನಾ ಬುಟ್ಟಿ ತುಂಬ ಹಾಕ್ತೀವಲ್ಲೋ ಕಂದ್ಯಾ! ಹಸಿವು ಎಲ್ಲಿಂದ ಬಂತು?”

“ಬುಟ್ಟಿ ತುಂಬ ಕಟಗಿ, ಚಿಗರಿ. ಹೊಟ್ಟಿ ತುಂಬತೈತಿ, ಮೈಗೆ ಹತ್ತಂಗಿಲ್ಲ. ಸಾರ ಇರೂದೆಲ್ಲಾ ಎಲ್ಯಾಗ, ಎಳೀ ತುದ್ಯಾಗ. ಅದನ್ನ ನಿಮ್ಮಣ್ಣಗೋಳು ಆರಿಸಿ ತಿಂದಿರ್ತಾರ.”

“ಹೊಲಾ ಉಳಾವ್ರು ನೀವಲ್ಲೇನೋ ಕಂದ್ಯಾ? ಎಲಿ ನಿಮ್ಮ ಪಾಲು. ಹಿರ್ಯಾರ ಕಾಲದಿಂದ ಹಂಗs.”

“ಉಳೂ ಕಾಲಕ್ಕ ತಿನ್ನಲಿ, ಬ್ಯಾಡ ಅನ್ನಂಗಿಲ್ಲ.” ಸಾತವ್ವ ಚಿಗರಿಯ ಬೆನ್ನ ಮೇಲೆ ಕೈಯಿಟ್ಟಳು. “ಈಗ ಕುಂತು ಮೆಲಕ ಹಾಕಾಕತ್ತಾರ. ಕುಂತ ಎತ್ತಿಗೆ ಎಲಿ, ಕರಾ ಹೊರೂ ಆಕಳಿಗೆ ದಂಟು. ಇದ್ಯಾವ ಪಾಲು ಅಂತ ಕೇಳು, ಚಿಗರಿ.”

ಗೋಡೆಯ ಮೇಲೆ ಅಲ್ಲವ್ವನ ಗದ್ದ ಮೂಡಿತು. “ಉತ್ತರಾ ಕೊಡೋ ಕಂದ್ಯಾ! ಬಾಯಾಗ ಎಲಿ ಇಟಗೊಂಡಿಯೇನು?”

ಕೆಂಚಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಾಶೆವ್ವ ಟೊಂಕದ ಮೇಲೆ ಕೊಡ ಹೊತ್ತು ಬೇಲಿಯ ಸಂದಿಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಯಾರ ಕಡೆಗೂ ನೋಡಲಿಲ್ಲ, ಚಿಗರಿಯ ಬಾಯಿಯನ್ನೇ ನೋಡುತ್ತಿದ್ದಳು.

“ನಂದೂ ಒಂದಿತ್ತು” ಎಂದಳು. “ಬಳುವಳಿದು. ಕೌಲಿ ಅಂತಿದ್ನಿ. ಇದರಂಗs ಆತು. ತವರಿನ ಚಿಂತಿ ಅಂದ್ರು. ನಾನೂ ಖರೆ ಅಂದ್ಕೊಂಡ್ನಿ. ಸಂತಿಗೆ ಹೊಡಕೊಂಡ ಹೋಗೂ ಮುಂದ ಹಿಂದ ತಿರುಗಿ ನೋಡಿತು. ನನ್ನ ನೋಡತೈತಿ ಅಂತ ಒಂದು ವರ್ಷ ಅತ್ತೆ.” ಕೊಡವನ್ನು ಇನ್ನೊಂದು ಟೊಂಕಕ್ಕೆ ಬದಲಿಸಿದಳು. “ಬಣವಿ ನೋಡಿತ್ತು ಕಾಣಸ್ತೈತಿ.”

ಇಷ್ಟು ಮಾತನ್ನು ಅವಳು ಒಮ್ಮೆಗೆ ಆಡಿದ್ದನ್ನು ಆ ಮನೆಯ ಯಾರೂ ಕೇಳಿರಲಿಲ್ಲ. ಕೆಂಚಪ್ಪ ಬಣವೆಗೆ ಕೈಹಾಕಿ, ಒಂದು ಇಡಿಯ ಸಿವುಡನ್ನು ಜಗ್ಗಿ ಚಿಗರಿಯ ಮುಂದೆ ಒಗೆದ.

“ಮುಂಗಾರಿ ಬಿತ್ತಿಗಿ ತನಕ ನೋಡೂಣು. ಬೆದಿಗೆ ಬರಲಿಲ್ಲಂದ್ರ ಸಂತಿ ಖರೆ. ಹೇಳೋ ಕಂದ್ಯಾ, ಕೇಳಬೇಕಾದವ್ರಿಗೆ.”

ಅಂದಿನಿಂದ ಸಾತವ್ವ ಎರಡು ಗೋದಲಿಗೂ ಎಲೆ ಸರಿಸಮ ಹಂಚಿದಳು. ಎತ್ತು ಬಿಟ್ಟ ದಂಟನ್ನೂ ಒಗೆಯಲಿಲ್ಲ. ಕೊರಡಿನ ಮೇಲಿಟ್ಟು ಕುಡಗೋಲಿನಿಂದ ಬೆರಳುದ್ದ ಕೊಚ್ಚಿ, ಉಪ್ಪು ಕಲಸಿದ ಕಲಗಚ್ಚಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೊಗರಿ ಹೊಟ್ಟು ಬೆರೆಸಿ ಇಟ್ಟಳು. ಅಲ್ಲವ್ವ ಉರಿಗೆಂದು ಒಟ್ಟಿದ್ದ ಶೇಂಗಾದ ಬಳ್ಳಿಯನ್ನು ಬೇಡಿ ತಂದಳು. “ಆಕಳಿಗೆ ಬೀಗರೂಟಾ ನಡದೈತಿ ನೋಡ್ರೆವಾ, ನಮ್ಮನ್ನೂ ಒಂದಿನ ಕರೀರಿ!” ಎಂದು ಅಲ್ಲವ್ವ ಊರೆಲ್ಲ ಸಾರಿದಳು. ಕೊಚ್ಚಿ ಕೊಚ್ಚಿ ಸಾತವ್ವನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು.

ಸಗಣಿ ಮೆತ್ತಗಾಯಿತು. ಪಕ್ಕೆಲುಬು ಮುಚ್ಚಿದವು. ಬೆನ್ನಿನ ಮೇಲೆ ನೊಣ ಕೂತರೆ ಜಾರುವಂಥ ಹೊಳಪು ಬಂತು. ಚಿಗರಿ ಈಗ ಸಾತವ್ವನನ್ನು ಕಂಡರೆ ಕಿವಿ ನಿಮಿರಿಸಿ ಕೂಗುತ್ತಿತ್ತು. ಆ ಕೂಗು ಬುಟ್ಟಿಗೆ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಕಥೆ ಹೇಳುವುದನ್ನು ಅವಳು ಬಿಟ್ಟಿದ್ದಳು. ಹೇಳಲು ಬಾಯಿ ತೆರೆದರೆ ತನ್ನ ದನಿ ತನಗೇ ಕೇಳಿಸಿ, ನಾಚಿಕೆಯಾಗಿ ಸುಮ್ಮನಾಗುತ್ತಿದ್ದಳು. ಆಕಳು ತುಂಬಿಕೊಂಡಷ್ಟೂ ಹಟ್ಟಿ ಖಾಲಿಯೆನಿಸುತ್ತಿತ್ತು.

ಕಾರಹುಣ್ಣಿವೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದಾಗ ಚಿಗರಿ ಗೂಟ ಕೀಳುವಂತೆ ಜಗ್ಗಾಡಿ ಒದರತೊಡಗಿತು. ಕೆಂಚಪ್ಪ ಬಣ್ಣದ ಕುಡಿಕೆ ಕೆಳಗಿಟ್ಟು, ಎದ್ದು ನಿಂತು, “ಕಂದ್ಯಾ, ನಿಮ್ಮ ತಂಗಿ ಬೆದಿಗೆ ಬಂದ್ಲು, ಗೆದ್ಲೋ!” ಎಂದ. ಒಳಗೆ ಹೋಳಿಗೆ ಬೇಯಿಸುತ್ತಿದ್ದ ಕಾಶೆವ್ವ ಹಂಚಿನ ಮೇಲಿನ ಬಿಸಿ ಹೋಳಿಗೆಯನ್ನು ತೆಗೆದು ಸೊಸೆಯ ಕೈಗಿಟ್ಟಳು.

ಮರುವರ್ಷ ಹೋಳಿಯ ಬೂದಿ ಆರಿರಲಿಲ್ಲ, ಚಿಗರಿ ಒಂದು ಕೆಂಪು ಹೆಣ್ಣುಕರು ಹಾಕಿತು. ಕರು ಕುಡಿದು ಬಾಯಿ ಬಿಡುವತನಕ ಸಾತವ್ವ ತಂಬಿಗೆ ಹಿಡಿದು ಕಾದಳು. ಆಮೇಲೆ ಹಿಂಡಿದ ಹಾಲು ಅರಿಸಿನದ ಬಣ್ಣಕ್ಕೆ ಗಟ್ಟಿಯಾಗಿ ಇಳಿಯಿತು. ಕಾಶೆವ್ವ ತಾನೇ ಬೆಲ್ಲ ಕುಟ್ಟಿ, ಯಾಲಕ್ಕಿ ಹಾಕಿ ಹಬೆಯಲ್ಲಿಟ್ಟಳು. ಹಿತ್ತಾಳೆ ಡಬ್ಬಿಗೆ ಗಿಣ್ಣ ಕೊಯ್ದು ತುಂಬಿ, ಒದ್ದೆ ಬಟ್ಟೆ ಸುತ್ತುತ್ತ, “ನಮ್ಮವ್ವಗ ಮುಟ್ಟಲಿಲ್ಲ. ನಿಮ್ಮಜ್ಜಿಗರೆ ಮುಟ್ಟಲಿ. ನಡಿ, ಬಿಸಲೇರತೈತಿ” ಎಂದಳು.

ಗೋಕಾಕದ ಬಸ್ಸಿನವರೆಗೆ ಕೆಂಚಪ್ಪ ಬಂಡಿ ಹೊಡೆದ. ದಾರಿಯುದ್ದಕ್ಕೂ ಅವನು ಆಡಿದ್ದು ಎತ್ತಿನೊಂದಿಗೆ ಮಾತ್ರ: “ಕಂದ್ಯಾ, ಮೆಲ್ಲಕ. ಡಬ್ಬಿ ಅಲಗ್ಯಾಡಬಾರದು.” ಫಾಲ್ಸಿನ ಹತ್ತಿರ ಬೇಸಿಗೆಯ ಘಟಪ್ರಭೆ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುತ್ತಿತ್ತು, ಅದಕ್ಕಿಂತ ಗಿರಣಿಯ ಸದ್ದೇ ಜೋರು. ಆ ಗೋಡೆಗಳ ಒಳಗೆ ಎಲ್ಲೋ ಮಾಯಪ್ಪ ಯಾರಿಗೋ ಕೂಗಿ ಏನೋ ಹೇಳುತ್ತಿದ್ದಾನು. ಇಳಿದು ಹೇಳಿ ಕಳಿಸಿದರೆ ಹೊತ್ತು ಹೋಗುತ್ತದೆ, ಗಿಣ್ಣ ಕೆಡುತ್ತದೆ. ಸಾತವ್ವ ಡಬ್ಬಿಯನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು. ಬಂಡಿ ಮುಂದೆ ಹೋಯಿತು. ಮೂಡಲಗಿಯ ಬಸ್ಸಿನಲ್ಲಿ ಅವಳೊಬ್ಬಳೇ ಕಿಟಕಿಗೆ ಕೂತು ಕರಿಮಣ್ಣು ಯಾವಾಗ ಬರುತ್ತದೆಂದು ನೋಡುತ್ತ ಹೋದಳು.

ಉದ್ದವ್ವಜ್ಜಿ ಹಿತ್ತಲ ಬೇವಿನ ನೆರಳಿನಲ್ಲಿ ಗೋಣಿ ಹಾಸಿಕೊಂಡು ಕೂತಿದ್ದಳು. ಕುಗ್ಗಿ ಒಂದು ಹಿಡಿಯಾಗಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಬಂದೇನ? ಎಷ್ಟ ತಡಾ ಮಾಡಿದಿ ಬೇ!” ಎಂದಳು, ನಿನ್ನೆ ಸಂಜೆ ಕಳಿಸಿದವಳಿಗೆ ಅಂದಂತೆ.

ಸಾತವ್ವ ಎದುರು ಕೂತು ಡಬ್ಬಿ ಬಿಚ್ಚಿದಳು. “ಮೊದಲ ಕಥಿ. ಶಿವಾ ಏನಂದ?”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ನಗುತ್ತ ನಗುತ್ತ ಕೆಮ್ಮಿದಳು. “ನನಗೇನ ಗೊತ್ತವಾ? ನಮ್ಮಜ್ಜಿ ನನಗೂ ಅಲ್ಲಿಗೇ ನಿಲ್ಲಿಸಿದ್ಲು. ಗಿಣ್ಣ ತಂದರ ಹೇಳ್ತೇನಿ ಅಂದಿದ್ಲು.”

“ಒಯ್ಯಲಿಲ್ಲ?”

“ಎಲ್ಲಿ ಒಯ್ಯೂದು? ನನ್ನ ಆಕಳಾ ಈಯಲಿಲ್ಲ. ಸೊರಗಿ ಸೊರಗಿ ಹೋತು.” ಅಜ್ಜಿ ಬೇವಿನ ಬುಡದ ಕಡೆ ನೋಡಿದಳು. ಇಷ್ಟು ವರ್ಷದ ಮೇಲೂ ಆ ಕಣ್ಣಿನಲ್ಲಿ ನೀರು ತೆಳ್ಳಗೆ ಹೊಳೆಯಿತು. “ಭಾಳ ಜೀವಾ ಇತ್ತು ಅದಕ ನನ್ನ ಮ್ಯಾಲ. ನಾ ಅತ್ತರ ಅದೂ ಅಳತಿತ್ತು. ತವರಿನ ಚಿಂತಿ ಅದಕ.”

ಸಾತವ್ವನ ನಾಲಿಗೆಯ ತುದಿಗೆ ದಂಟು, ಎಲೆ, ಬಣವೆ ಎಲ್ಲವೂ ಬಂದವು. ಒಡೆದು ಗಟ್ಟಿಯಾದ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಅಜ್ಜಿಗೆ ಸೊಸೆಯಾಗಿ ಸೇರಿದ ದೊಡ್ಡ ಮನೆಯಲ್ಲಿ, ಅಷ್ಟು ದೂರದ ಕಾಲದಲ್ಲಿ, ಜೊತೆಗೆ ಅತ್ತದ್ದು ಅದೊಂದೇ ಜೀವ.

“ಹೌದಜ್ಜಿ” ಎಂದಳು. “ಬಾಯಿ ತೆರಿ.”

ಅಜ್ಜಿ ಬಾಯಿ ತೆರೆದಳು. ಸಾತವ್ವ ಗಿಣ್ಣದ ಒಂದು ತುಣುಕು ಮುರಿದು, ತನ್ನ ಕೈಯಾರೆ, ಅದರೊಳಗಿಟ್ಟಳು.